ಖಾಲಿ ತಟ್ಟೆಯ ತೂಕ

ಗಂಧದ ವಾಸನೆಗೆ ಬೇರೆಯವರ ಮನಸ್ಸು ತಂಪಾಗುತ್ತದಂತೆ. ನನಗೆ ಒಂದು ತಕ್ಕಡಿ ನೆನಪಾಗುತ್ತದೆ. ಕಳೆದ ವಾರ, ದಸರಾ ರಜೆಗೆ ಮುಂಚಿನ ಕೊನೆಯ ದಿನ, ಶಾಲೆಯ ಮೆಟ್ಟಿಲು ಹತ್ತುವಾಗ ಸಾಣೆಕಲ್ಲಿನ ಮೇಲೆ ಕೊರಡು ತೇಯುವ ಸದ್ದು ಕೇಳಿಸಿತು. ಅದರ ಹಿಂದೆಯೇ ಆ ವಾಸನೆ ಬಂತು. ನಾಲ್ಕು ವರ್ಷದ ಹಿಂದಿನ ಮಧ್ಯಾಹ್ನವೊಂದು ಕಣ್ಣ ಮುಂದೆ ಬಂದು, ಊಟದ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಆ ವರ್ಷ ಜೂನ್‌ನಲ್ಲಿ ನಾನು ಚಾಮರಾಜಪೇಟೆಯ ಈ ಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದ್ದೆ. ತಾತ್ಕಾಲಿಕ ಕೆಲಸ. ಅದಕ್ಕೆ ಮುಂಚೆಯೂ ನನ್ನದೆಲ್ಲ ತಾತ್ಕಾಲಿಕವೇ. ಯಾರದೋ ಹೆರಿಗೆ ರಜೆ, ಯಾರೋ ಬಿದ್ದು ಕಾಲು ಮುರಿದುಕೊಂಡಿದ್ದಾರೆ, ಯಾರನ್ನೋ ಜನಗಣತಿಗೆ ಕಳಿಸಿದ್ದಾರೆ ಎಂದರೆ ನನಗೆ ಫೋನು ಬರುತ್ತಿತ್ತು. ಮಲ್ಲೇಶ್ವರದಿಂದ ಹನುಮಂತನಗರದವರೆಗೆ ನಾನು ಪಾಠ ಮಾಡದ ಶಾಲೆ ಕಡಿಮೆ. ಮಕ್ಕಳ ಹೆಸರು ಬಾಯಿಗೆ ಬರುವ ಹೊತ್ತಿಗೆ ಅಲ್ಲಿಂದ ಹೊರಡಬೇಕಾಗುತ್ತಿತ್ತು. ಒಂದು ತರಗತಿಯಲ್ಲಿ ನೋಡಿದ ಮಗುವನ್ನು ಮುಂದಿನ ತರಗತಿಯಲ್ಲಿ ನೋಡಿದ್ದೇ ಇಲ್ಲ. ಈ ಶಾಲೆಯ ಏಳನೇ ತರಗತಿಗೆ ಕಾಲಿಟ್ಟ ಮೇಲೆ ನನಗೊಂದು ಆಸೆ ಹುಟ್ಟಿತು. ಈ ಮಕ್ಕಳು ಹತ್ತನೇ ತರಗತಿ ಮುಗಿಸುವವರೆಗೆ ನಾನು ಇಲ್ಲೇ ಇರಬೇಕು. ಅಷ್ಟು ಸಾಕು ಅನ್ನಿಸಿತ್ತು.

ಅದು ನನ್ನ ಕೈಯಲ್ಲಿರಲಿಲ್ಲ. ಶಾಲೆಯ ಸೆಕ್ರೆಟರಿಯವರ ಕೈಯಲ್ಲಿತ್ತು. ಇಸ್ತ್ರಿ ಮಾಡಿದ ಬಿಳಿ ಶರಟು, ಕಡಿಮೆ ಮಾತು, ಯಾರನ್ನು ಕಂಡರೂ ಅರ್ಧ ಮುಗುಳ್ನಗು. ಆ ಅರ್ಧ ನಗುವಿನ ಅರ್ಥವೇನು ಎಂದು ಸ್ಟಾಫ್ ರೂಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ತಂಗಿಯ ಮಗಳು ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಗಣೇಶನ ಹಬ್ಬ ಮುಗಿದ ಮೇಲೆ ಒಂದು ದಿನ ಅವರು ನನ್ನನ್ನು ಕರೆಸಿದರು.

"ದಸರಾ ರಜೆಗೆ ಮುಂಚೆ ನಿಮ್ಮದೊಂದು ಕ್ಲಾಸ್ ನೋಡ್ತೀನಿ ಮೇಡಂ. ಆಮೇಲೆ ಮುಂದುವರಿಸೋದಾ ಬೇಡ್ವಾ ಅಂತ ಹೇಳ್ತೀನಿ."

"ಯಾವ ಪಾಠ ಸರ್?"

"ಪ್ರಯೋಗ ಇರೋದು ಯಾವುದಾದ್ರೂ. ಬೋರ್ಡ್ ಮೇಲೆ ಬರೆದು ಹೇಳೋದಾದ್ರೆ ಯಾರು ಬೇಕಾದ್ರೂ ಹೇಳ್ತಾರೆ."

ಮೂಗಿನ ತುದಿಯಲ್ಲೇ ಕೋಪ ಇರುವವಳು ನಾನು. ಆದರೂ "ಆಗಲಿ ಸರ್" ಎಂದು ಹೊರಗೆ ಬಂದೆ. ಕಾರಿಡಾರಿನ ಕೊನೆ ಮುಟ್ಟುವುದರೊಳಗೆ ಪಾಠ ಯಾವುದು ಎಂದು ತೀರ್ಮಾನಿಸಿದ್ದೆ. ರಾಸಾಯನಿಕ ಕ್ರಿಯೆ ನಡೆದಾಗ ವಸ್ತುಗಳು ಬದಲಾಗುತ್ತವೆ, ಆದರೆ ಒಟ್ಟು ದ್ರವ್ಯರಾಶಿ ಬದಲಾಗುವುದಿಲ್ಲ. ಮೊದಲು ಎಷ್ಟು ಇತ್ತೋ ಕೊನೆಗೂ ಅಷ್ಟೇ. ಇಷ್ಟು ನೇರವಾದ ಮಾತು ವಿಜ್ಞಾನದಲ್ಲಿ ಬೇರೆ ಇಲ್ಲ. ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟ ಎಲೆಕ್ಟ್ರಾನಿಕ್ ತಕ್ಕಡಿಯೊಂದಿತ್ತು. ದಶಮಾಂಶದ ಎರಡನೇ ಸ್ಥಾನದವರೆಗೆ ತೋರಿಸುವಂಥದ್ದು. ಪ್ರಯೋಗಾಲಯ ಎಂದು ನಾವು ಕರೆಯುತ್ತಿದ್ದ ಆ ಕೋಣೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದುದು ಅದೊಂದೇ.

ಆ ಸೆಪ್ಟೆಂಬರ್ ಪೂರ್ತಿ ಸಂಜೆ ಮಳೆ. ಶಾಲೆ ಬಿಟ್ಟು ಗಾಂಧಿ ಬಜಾರಿನಲ್ಲಿ ನಿಂಬೆಹಣ್ಣು ಕೊಂಡು, ನೆನೆದುಕೊಂಡು ಬಸವನಗುಡಿಯ ಮನೆಗೆ ಬರುತ್ತಿದ್ದೆ. ಊಟದ ಮೇಜಿನ ಮೇಲೆ ಅಡುಗೆ ಸೋಡಾ, ನಿಂಬೆರಸ, ತಂಪುಪಾನೀಯದ ಖಾಲಿ ಬಾಟಲಿಗಳು. ಬಲೂನು ಕಟ್ಟಿ ತೋರಿಸುವುದು ಚೆಂದ, ಆದರೆ ಉಬ್ಬಿದ ಬಲೂನನ್ನು ಸುತ್ತಲ ಗಾಳಿ ಮೇಲಕ್ಕೆ ಒತ್ತಿ ತೂಕ ತಪ್ಪು ತೋರಿಸುತ್ತದೆ. ಅದಕ್ಕೇ ಗಟ್ಟಿ ಬಾಟಲಿ ಆರಿಸಿಕೊಂಡೆ. ತಳದಲ್ಲಿ ನಿಂಬೆರಸ, ಅದರೊಳಗೆ ಒಂದು ಪುಟ್ಟ ಸೀಸೆಯಲ್ಲಿ ಸೋಡಾ, ಮೇಲೆ ಬಿಗಿಯಾದ ಮುಚ್ಚಳ. ಓರೆ ಮಾಡಿದರೆ ಎರಡೂ ಬೆರೆತು ನೊರೆ ಉಕ್ಕುತ್ತದೆ, ಗಾಳಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಪುಟ್ಟ ಸೀಸೆಗಾಗಿ ನನ್ನ ಗಂಡನ ಹೋಮಿಯೋಪತಿ ಗುಳಿಗೆಗಳನ್ನೆಲ್ಲ ಒಂದು ಬಟ್ಟಲಿಗೆ ಸುರಿದಿದ್ದೆ.

"ಯಾವುದು ನೆಗಡಿದು, ಯಾವುದು ಮಂಡಿನೋವಿಂದು ಅಂತ ಈಗ ಹೇಗೆ ಗೊತ್ತಾಗುತ್ತೆ?" ಎಂದರು ಅವರು.

"ಎರಡೂ ತಗೊಳ್ಳಿ. ಎರಡೂ ಇದೆಯಲ್ಲ."

ರಜೆಗೆ ಮೂರು ದಿನ ಮುಂಚೆ, ತರಗತಿಯಲ್ಲಿ ಮೊದಲು ತೆರೆದ ಲೋಟದಲ್ಲಿ ಮಾಡಿ ತೋರಿಸಿದೆ. ಸೋಡಾ ಹಾಕಿದ ಕೂಡಲೇ ನೊರೆ ಬಂತು, ತೂಕ ಇಳಿಯಿತು. ಇಂಗಾಲದ ಡೈಆಕ್ಸೈಡ್ ಹಾರಿಹೋಯಿತು, ಅದಕ್ಕೇ ಕಡಿಮೆಯಾಯಿತು ಎಂದೆ. ಎರಡನೇ ಬೆಂಚಿನಿಂದ ಪವಿತ್ರಾ ಎದ್ದಳು. ಅವಳ ಅಮ್ಮ ಗಾಂಧಿ ಬಜಾರಿನಲ್ಲಿ ಹೂ ಮಾರುವವರು. ಹಬ್ಬದ ದಿನಗಳಲ್ಲಿ ಬೆಳಗಿನ ಜಾವ ಅಮ್ಮನ ಜೊತೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ, ಹೂವಿನ ಮೂಟೆ ಹೊತ್ತು, ಆಮೇಲೆ ಶಾಲೆಗೆ ಬರುತ್ತಿದ್ದಳು. ಎಲ್ಲರೂ ನೊರೆ ನೋಡುತ್ತಿದ್ದರೆ ಇವಳೊಬ್ಬಳು ತಕ್ಕಡಿಯ ಅಂಕಿ ನೋಡುತ್ತಿದ್ದಳು.

"ಮಿಸ್, ಹೋಗಿದ್ದು ಕಾಣ್ಲೇ ಇಲ್ಲ. ಹೋಯ್ತು ಅಂತ ಹೇಗೆ ಗೊತ್ತು? ಅಲ್ಲೇ ಕರಗೋಗಿರ್ಬೋದಲ್ಲ?"

"ನಾಡಿದ್ದು ಮುಚ್ಚಿದ ಬಾಟಲಿಯಲ್ಲಿ ಇದನ್ನೇ ಮಾಡ್ತೀನಿ. ಒಂದು ಚೂರೂ ಕಮ್ಮಿ ಆಗಲ್ಲ, ನೋಡ್ತಿರು."

"ಕಮ್ಮಿ ಆದ್ರೆ?"

ನನಗೆ ರೇಗಿತು. "ಆದ್ರೆ ಎದ್ದು ನಿಂತು ಹೇಳು," ಎಂದೆ.

ಕೊನೆಯ ದಿನ ಬೆಳಿಗ್ಗೆಯಿಂದ ಶಾಲೆಯಲ್ಲಿ ಆಯುಧ ಪೂಜೆ. ಹಬ್ಬ ರಜೆಯಲ್ಲಿ ಬರುವುದರಿಂದ ನಮ್ಮಲ್ಲಿ ಮೊದಲೇ ಮುಗಿಸುತ್ತಾರೆ. ಸೆಕ್ರೆಟರಿಯವರು ನನ್ನ ಪಾಠಕ್ಕೆ ಆರಿಸಿದ್ದು ಅವತ್ತಿನ ಮಧ್ಯಾಹ್ನವನ್ನೇ. ಗಂಟೆ, ಕಂಪ್ಯೂಟರುಗಳು, ಹೊಲಿಗೆ ಯಂತ್ರ, ಶಾಲೆಯ ವ್ಯಾನು ಎಲ್ಲಕ್ಕೂ ಸೇವಂತಿಗೆ ಹಾರ. ಗೇಟಿನ ಮುಂದೆ ಒಡೆಯಲು ಬೂದುಗುಂಬಳಕಾಯಿ ಸಿದ್ಧವಾಗಿತ್ತು. ಇಷ್ಟಕ್ಕೆಲ್ಲ ಒಡತಿ ನಾಗರತ್ನಮ್ಮ. ಕೋಣೆಗಳ ಬೀಗದ ಕೈಯಿಂದ ಹಿಡಿದು ಪ್ರಯೋಗಾಲಯದ ಸೀಸೆ ತೊಳೆಯುವವರೆಗೆ ಎಲ್ಲ ನೋಡಿಕೊಳ್ಳುತ್ತಿದ್ದ ಆಯಾ. ನನಗಿಂತ ಬಹಳ ದೊಡ್ಡವರು. ಬೆಳ್ಳಿ ಬಟ್ಟಲಲ್ಲಿ ಗಂಧ ಹಿಡಿದುಕೊಂಡು ಅವರು ಪ್ರಯೋಗಾಲಯಕ್ಕೆ ಬಂದಾಗ ನಾನು ಅಡ್ಡ ನಿಂತೆ.

"ತಕ್ಕಡಿಗೆ ಏನೂ ಹಚ್ಚಬೇಡಿ ನಾಗರತ್ನಮ್ಮ. ಊಟ ಆದ್ಮೇಲೆ ಬೇಕು."

"ಪೂಜೆ ಮಾಡಿದ್ದನ್ನ ಅವತ್ತೇ ಕೆಲಸಕ್ಕೆ ತೆಗೀಬಾರ್ದು ಮೇಡಂ."

"ಅದಕ್ಕೇ ಅದಕ್ಕೆ ಪೂಜೆ ಬೇಡ. ನನ್ನ ಕೆಲಸ ಉಳಿಯೋದು ಇವತ್ತು ಇದರ ಮೇಲಿದೆ."

"ಎಲ್ಲಕ್ಕೂ ಮಾಡಿ ಇದೊಂದನ್ನೇ ಬಿಡೋದಾ?"

ಹಾಗೆಂದು ಅವರು ಬಟ್ಟಲು ಹಿಡಿದು ಮೈಕ್ರೋಸ್ಕೋಪಿನ ಕಡೆಗೆ ಹೋದರು. ನಾನು ಬಾಟಲಿಯ ಮುಚ್ಚಳವನ್ನು ಇನ್ನೊಮ್ಮೆ ಪರೀಕ್ಷಿಸಲು ಓಡಿದೆ.

ಮಂಗಳಾರತಿ ಮುಗಿದು ಎಲ್ಲರೂ ಪುಳಿಯೋಗರೆ ತಿಂದರು. ನಾನು ನನ್ನ ಪಾಲನ್ನು ಮುಟ್ಟದೆ ಎದ್ದೆ. ಏಳನೇ ತರಗತಿಗೆ ಬಂದಾಗ ಮೇಜಿನ ಮೇಲೆ ತಕ್ಕಡಿ ಇತ್ತು, ನಾಗರತ್ನಮ್ಮ ಆಗಲೇ ತಂದಿಟ್ಟಿದ್ದರು. ತಟ್ಟೆ ಥಳಥಳ ಹೊಳೆಯುತ್ತಿತ್ತು. ಸೆಕ್ರೆಟರಿಯವರು ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಗಾಳಿಗೆ ಅಂಕಿ ಅಲುಗಾಡದಿರಲಿ ಎಂದು ಫ್ಯಾನ್ ಆರಿಸಿದೆ. ಮಳೆ ಹೊಳವಾಗಿ ಬಿಸಿಲು ಬಂದಿತ್ತು. ಕಿಟಕಿಯಿಂದ ಬಂದ ಬಿಸಿಲು ನೇರ ಮೇಜಿನ ಮೇಲೆ ಬಿದ್ದಿತ್ತು, ಕೋಣೆಯ ತುಂಬ ಸೆಕೆ.

ತಕ್ಕಡಿಯನ್ನು ಸೊನ್ನೆಗೆ ತಂದೆ. ಬಾಟಲಿ ಇಟ್ಟೆ. ತೋರಿಸಿದ ಅಂಕಿಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: 84.36 ಗ್ರಾಂ. ಬಾಟಲಿ ತೆಗೆದು ಓರೆ ಮಾಡಿದೆ. ನೊರೆ ಬುಸುಗುಟ್ಟಿಕೊಂಡು ಅರ್ಧದವರೆಗೆ ಏರಿತು. ಮಕ್ಕಳು "ಹೋ" ಎಂದರು. ಬಾಟಲಿ ಕಲ್ಲಿನಂತೆ ಗಟ್ಟಿಯಾಯಿತು. ಮತ್ತೆ ತಕ್ಕಡಿಯ ಮೇಲಿಟ್ಟೆ.

84.36.

ಅಬ್ಬ, ಗೆದ್ದೆ ಅಂದುಕೊಂಡೆ. ಬಾಟಲಿಯನ್ನು ಅಲ್ಲೇ ಬಿಟ್ಟು ಬೋರ್ಡಿನ ಕಡೆ ತಿರುಗಿ ವಿವರಿಸತೊಡಗಿದೆ. ಒಳಗೆ ಹೊಸ ವಸ್ತುಗಳು ಹುಟ್ಟಿವೆ, ಆದರೂ ಹೊಸದಾಗಿ ಏನೂ ಸೇರಿಲ್ಲ, ಏನೂ ಕಳೆದುಹೋಗಿಲ್ಲ. ಇಷ್ಟು ಚೆನ್ನಾಗಿ ನಾನು ಎಂದೂ ಪಾಠ ಮಾಡಿರಲಿಲ್ಲ ಅನ್ನಿಸುತ್ತಿತ್ತು. ಆಗ ಬೆಂಚು ಸರಿದ ಸದ್ದು ಕೇಳಿಸಿತು.

"ಮಿಸ್, ಕಮ್ಮಿ ಆಗಿದೆ."

ಪವಿತ್ರಾ ಎದ್ದು ನಿಂತಿದ್ದಳು. ನಾನು ತಿರುಗಿ ನೋಡಿದೆ. 84.34. ನೋಡುತ್ತಿದ್ದಂತೆಯೇ 84.33 ಆಯಿತು.

ಹಿಂದಿನಿಂದ ಸೆಕ್ರೆಟರಿಯವರ ದನಿ ಬಂತು. "ಕೂತ್ಕೋಮ್ಮ. ಮೇಡಂ, ಅಷ್ಟು ವ್ಯತ್ಯಾಸ ಇದ್ದೇ ಇರುತ್ತೆ. ನೀವು ಮುಂದುವರಿಸಿ."

ಅವರು ನನಗೆ ದಾರಿ ಬಿಟ್ಟುಕೊಟ್ಟಿದ್ದರು. "ಹೌದು ಸರ್" ಎಂದು ಬಾಟಲಿ ಎತ್ತಿಟ್ಟಿದ್ದರೆ ಮುಗಿಯುತ್ತಿತ್ತು. ಪವಿತ್ರಾ ಮಾತ್ರ ಕೂರಲಿಲ್ಲ. ಅವಳು ಅವರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಎದ್ದು ನಿಂತು ಹೇಳು ಎಂದವಳು ನಾನೇ ತಾನೆ. ಆ ಕ್ಷಣ ಅವಳ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಹೇಳಲಾರೆ. ಆದರೆ ಆ ಅಂಕಿ ಇಳಿಯುತ್ತಿದ್ದುದು ಸುಳ್ಳಲ್ಲ. ಅವಳನ್ನು ಕೂರಿಸಿದರೆ ಅವಳು ಇನ್ನು ಮುಂದೆ ಯಾವುದಕ್ಕೂ ಏಳುವುದಿಲ್ಲ ಎಂಬುದೂ ಗೊತ್ತಿತ್ತು.

"ಇಲ್ಲ ಸರ್," ಎಂದೆ. "ಅವಳು ಹೇಳಿದ್ದು ಸರಿ. ಕಮ್ಮಿ ಆಗ್ತಾ ಇದೆ. ಯಾಕೆ ಅಂತ ನೋಡ್ಬೇಕು."

ಅರ್ಧ ಮುಗುಳ್ನಗು ಮಾಯವಾಯಿತು.

ಮುಚ್ಚಳ ಸಡಿಲವಾಗಿರಬೇಕು ಅಂದುಕೊಂಡೆ. ಇಬ್ಬರನ್ನು ಓಡಿಸಿ ಬಕೆಟ್ಟಿನಲ್ಲಿ ನೀರು ತರಿಸಿದೆ. ಬಾಟಲಿಯನ್ನು ಪೂರ್ತಿ ಮುಳುಗಿಸಿ ಹಿಡಿದೆ. ಸೋರುತ್ತಿದ್ದರೆ ಗುಳ್ಳೆ ಬರಬೇಕು. ಇಡೀ ತರಗತಿ ಬಕೆಟ್ಟಿನ ಸುತ್ತ ಬಗ್ಗಿತು. ಒಂದು ಗುಳ್ಳೆಯೂ ಬರಲಿಲ್ಲ. ತಲೆ ಎತ್ತಿ ನೋಡಿದಾಗ ಹಿಂದಿನ ಕುರ್ಚಿ ಖಾಲಿಯಾಗಿತ್ತು. ಸೆಕ್ರೆಟರಿಯವರು ಎದ್ದು ಹೋಗಿದ್ದರು.

ಮುಗಿಯಿತು ಅಂದುಕೊಂಡೆ. ಮಕ್ಕಳ ಮುಂದೆ ಅಳಬಾರದೆಂದು ಬಾಟಲಿಯನ್ನು ಸೆರಗಿನಿಂದ ಒರೆಸಿದೆ, ಒಂದು ಹನಿಯೂ ಉಳಿಯದ ಹಾಗೆ ಮತ್ತೆ ಮತ್ತೆ ಒರೆಸಿದೆ. ಒರೆಸುತ್ತಾ ಮೇಜಿನ ಹತ್ತಿರ ಬಂದವಳು ಸುಮ್ಮನೆ ತಕ್ಕಡಿ ನೋಡಿದೆ. ಅದರ ಮೇಲೆ ಏನೂ ಇರಲಿಲ್ಲ. ಸೊನ್ನೆ ತೋರಿಸಬೇಕಿತ್ತು. ಆದರೆ ಅಂಕಿಯ ಎಡಕ್ಕೆ ಒಂದು ಪುಟ್ಟ ಗೆರೆ. ಮೈನಸ್ 0.06.

"ಪವಿತ್ರಾ, ಇಲ್ಲಿ ಬಾ. ಏನು ತೋರಿಸ್ತಿದೆ?"

ಅವಳು ಬಂದು ಬಗ್ಗಿ ನೋಡಿದಳು. "ಸೊನ್ನೆಗಿಂತ ಕಮ್ಮಿ ಮಿಸ್. ಖಾಲಿ ತಟ್ಟೆ ಹೇಗೆ ಮಿಸ್ ಕಮ್ಮಿಯಾಗುತ್ತೆ?"

ಅವಳು ಕೇಳಿದ ಮೇಲೆಯೇ ನನಗೆ ಹೊಳೆದದ್ದು. ಬಾಟಲಿಯಿಂದ ಏನೂ ಹೋಗುತ್ತಿಲ್ಲ. ತೂಕ ಕಳೆದುಕೊಳ್ಳುತ್ತಿರುವುದು ತಟ್ಟೆ. ಸ್ಟೀಲಿನ ತಟ್ಟೆಯಿಂದ ಏನು ಹೋಗಲು ಸಾಧ್ಯ? ಮೂಗನ್ನು ಹತ್ತಿರ ತಂದೆ. ಬಿಸಿಲಿಗೆ ಕಾದ ಲೋಹದಿಂದ ಗಂಧದ ವಾಸನೆ ಘಮ್ಮೆಂದು ಬಂತು.

ತಟ್ಟೆಯನ್ನು ಎತ್ತಿ ಬೋರಲು ಹಾಕಿದೆ. ಕೆಳಭಾಗದ ತುಂಬ ದಪ್ಪಗೆ ಮೆತ್ತಿದ ಹಸಿ ಗಂಧ, ನಡುವೆ ಕುಂಕುಮದ ಬೊಟ್ಟು, ಅದರ ಮೇಲೆ ಒತ್ತಿ ಅಂಟಿಸಿದ ಸೇವಂತಿಗೆಯ ಎಸಳುಗಳು. ಅಂಚೆಲ್ಲ ಒಣಗಿ ಬೆಳ್ಳಗಾಗಿತ್ತು, ನಡುವೆ ಇನ್ನೂ ಒದ್ದೆ. ತರಗತಿ ಗೊಳ್ಳೆಂದು ನಕ್ಕಿತು. ಬಾಗಿಲಲ್ಲಿ ನಿಂತಿದ್ದ ನಾಗರತ್ನಮ್ಮ ಮಾತ್ರ ನಗಲಿಲ್ಲ.

"ಏನಿದು ನಾಗರತ್ನಮ್ಮ?"

"ನಿಮ್ ಕೆಲಸ ಉಳಿಯೋದು ಇದರ ಮೇಲಿದೆ ಅಂದ್ರಲ್ಲ ಮೇಡಂ," ಎಂದರು. ದನಿ ಏಳುತ್ತಿರಲಿಲ್ಲ. "ಅಂಥದ್ದಕ್ಕೇ ಪೂಜೆ ಇಲ್ಲ ಅಂದ್ರೆ ಮನಸ್ಸು ತಡೀಲಿಲ್ಲ. ಊಟದ ಹೊತ್ತಲ್ಲಿ ಕಾಣದ ಕಡೆ ಹಚ್ಚಿ, ಮೇಲೆ ಚೆನ್ನಾಗಿ ಒರೆಸಿಟ್ಟೆ. ಬೇರೆದಕ್ಕಿಂತ ಸ್ವಲ್ಪ ಜಾಸ್ತೀನೇ ಹಚ್ಚಿದೆ."

ನನ್ನ ಒಳ್ಳೆಯದಕ್ಕೆ ಜಾಸ್ತಿ ಹಚ್ಚಿದ ಗಂಧ. ಬೈಯಲು ಬಾಯಿ ತೆರೆದೆ. ಏನು ಬೈಯುವುದು?

ಮಕ್ಕಳ ಕಡೆ ತಿರುಗಿದೆ. "ಗಂಧದ ನೀರು ಎಲ್ಲಿ ಹೋಗ್ತಾ ಇತ್ತು?"

"ಒಣಗ್ತಾ ಇತ್ತು ಮಿಸ್."

"ಒಣಗಿ ಎಲ್ಲಿ ಹೋಯ್ತು?"

ಪವಿತ್ರಾ ಸುತ್ತ ನೋಡಿದಳು, ಆಮೇಲೆ ಮೆಲ್ಲಗೆ, "ಈ ರೂಮಲ್ಲೇ ಇದೆ ಮಿಸ್. ಗಾಳೀಲಿ. ನಾವೇ ಉಸಿರಾಡ್ತಾ ಇದೀವಿ," ಎಂದಳು.

ತಟ್ಟೆಯನ್ನು ತೊಳೆದು ಒಣಗಿಸಿ ಜೋಡಿಸಿದೆವು. ಸೊನ್ನೆಗೆ ತಂದೆವು. ಬಾಟಲಿ ಇಡುವ ಕೆಲಸವನ್ನು ಪವಿತ್ರಾಳಿಗೇ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಹಿಡಿದು ಇಟ್ಟು ಹಿಂದೆ ಸರಿದಳು. ಅಂಕಿ ಸ್ವಲ್ಪ ಓಡಾಡಿ ನಿಂತಿತು. 84.36. ನಾವೆಲ್ಲ ಅದನ್ನೇ ನೋಡುತ್ತಾ ನಿಂತೆವು. ಗಂಟೆ ಹೊಡೆಯುವವರೆಗೆ ಅದು ಅಲುಗಲಿಲ್ಲ. ನೋಡಬೇಕಾಗಿದ್ದ ಒಬ್ಬರು ಮಾತ್ರ ಅಲ್ಲಿರಲಿಲ್ಲ.

ಹೊರಡುವಾಗ ಪವಿತ್ರಾಳನ್ನು ಕೇಳಿದೆ, ಎಲ್ಲರೂ ಬೋರ್ಡ್ ನೋಡುತ್ತಿರುವಾಗ ನೀನ್ಯಾಕೆ ತಕ್ಕಡಿ ನೋಡುತ್ತಿದ್ದೆ ಎಂದು.

"ಅಮ್ಮ ಹೇಳಿದಾರೆ ಮಿಸ್. ಮಾರ್ಕೆಟ್ಟಲ್ಲಿ ಹೂ ತೂಗೋರು ಏನೇ ಮಾತಾಡ್ಸಿದ್ರೂ ತಕ್ಕಡಿ ಮೇಲಿಂದ ಕಣ್ಣು ತೆಗೀಬಾರ್ದು ಅಂತ."

ಆ ದಸರಾ ರಜೆಯಷ್ಟು ಉದ್ದದ ರಜೆಯನ್ನು ನಾನು ಕಂಡಿಲ್ಲ. ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ನೋಡಲು ಬಂದವರೆಲ್ಲ "ಯಾವ ಸ್ಕೂಲಲ್ಲಿದೀರ ಈಗ?" ಎಂದು ಕೇಳುತ್ತಿದ್ದರು. ಫೋನು ರಿಂಗಾದರೆ ಶಾಲೆಯಿಂದಲೇ ಇರಬೇಕೆಂದು ಓಡುತ್ತಿದ್ದೆ. ಗಾಂಧಿ ಬಜಾರಿನಲ್ಲಿ ಪವಿತ್ರಾಳ ಅಮ್ಮನ ಅಂಗಡಿಯ ಎದುರು ಹೋಗಬೇಕಾಗುತ್ತದೆ ಎಂದು ಹಿಂದಿನ ರಸ್ತೆಯಲ್ಲಿ ಸುತ್ತಿ ಬರುತ್ತಿದ್ದೆ. ಮುಂದಿನ ತಿಂಗಳು ನಾನು ಇರುವುದಿಲ್ಲ ಎಂದು ಆ ಹುಡುಗಿಗೆ ಹೇಗೆ ಹೇಳುವುದು? ಅವಳನ್ನು ಕೂರಿಸಿಬಿಡಬೇಕಿತ್ತು ಎಂದು ಒಮ್ಮೆ ಅನ್ನಿಸುತ್ತಿತ್ತು, ಮರುಕ್ಷಣ ಹಾಗೆ ಅನ್ನಿಸಿದ್ದಕ್ಕೇ ಬೇಸರವಾಗುತ್ತಿತ್ತು.

ಶಾಲೆ ತೆರೆದ ದಿನ ಸೆಕ್ರೆಟರಿಯವರು ಕರೆದರು. ಮೇಜಿನ ಮೇಲಿದ್ದ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು.

"ಕೊನೆಗೆ ಎಷ್ಟು ತೋರಿಸ್ತು?"

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಮೊದಲು ಎಷ್ಟಿತ್ತೋ ಅಷ್ಟೇ ಸರ್."

"ನಾಗರತ್ನಮ್ಮ ವಿಜಯದಶಮಿ ದಿನ ಮನೆಗೆ ಬಂದಿದ್ರು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದ್ರು. ತಪ್ಪು ನಂದು, ಕಳಿಸೋದಾದ್ರೆ ನನ್ನ ಕಳಿಸಿ, ಮೇಡಂನ ಕಳಿಸ್ಬೇಡಿ ಅಂದ್ರು." ಅವರು ಕಿಟಕಿಯ ಕಡೆ ನೋಡಿದರು. "ನೀವು ಅವತ್ತು ಆ ಹುಡುಗಿನ ಕೂರಿಸ್ಬೋದಿತ್ತು."

"ಕೂರಿಸ್ಬೋದಿತ್ತು ಸರ್."

"ಹ್ಞೂಂ." ಕನ್ನಡಕ ತೆಗೆದು ಮತ್ತೆ ಮೇಜಿನ ಮೇಲಿಟ್ಟರು. "ಇನ್ನೊಂದು ವರ್ಷ ನೋಡೋಣ."

ಮರುವರ್ಷವೂ ಅದನ್ನೇ ಹೇಳಿದರು, ಅದರ ಮರುವರ್ಷವೂ. ಅವರ ತಂಗಿಯ ಮಗಳು ಬೇರೆ ಶಾಲೆಯಲ್ಲಿ ಕಾಯಂ ಆದಳು. ನಾನು ಇನ್ನೂ ಆಗಿಲ್ಲ. ಈಗ ನಾನು ಕೇಳುವುದನ್ನೂ ಬಿಟ್ಟಿದ್ದೇನೆ. ಅಷ್ಟರಲ್ಲಿ ಆ ಏಳನೇ ತರಗತಿ ಎಂಟಾಯಿತು, ಒಂಬತ್ತಾಯಿತು, ಹತ್ತನ್ನೂ ಮುಗಿಸಿತು. ಒಂದು ವರ್ಷವೂ ಬಿಡದೆ ಅವರಿಗೆ ವಿಜ್ಞಾನ ಕಲಿಸಿದವಳು ನಾನೇ.

ಕಳೆದ ವಾರ ನಾನು ಮೆಟ್ಟಿಲು ಹತ್ತಿ ಪ್ರಯೋಗಾಲಯಕ್ಕೆ ಹೋದಾಗ ಪವಿತ್ರಾ ಅಲ್ಲಿದ್ದಳು. ಈಗ ಬಸವನಗುಡಿಯ ಕಾಲೇಜಿನಲ್ಲಿ ಪಿಯುಸಿ, ಸೈನ್ಸ್ ತೆಗೆದುಕೊಂಡಿದ್ದಾಳೆ. ಪೂಜೆಗೆ ಅಮ್ಮ ಕಳಿಸಿದ ಸೇವಂತಿಗೆ ತಂದಿದ್ದಳು. ನನ್ನನ್ನು ನೋಡಿದವಳು ಮೊದಲು ಮಾಡಿದ ಕೆಲಸವೆಂದರೆ ತಕ್ಕಡಿಯ ತಟ್ಟೆ ಎತ್ತಿ ಕೆಳಗೆ ನೋಡಿದ್ದು.

"ಏನೂ ಇಲ್ಲ ಮಿಸ್."

"ಹೇಗಿರುತ್ತೆ?" ಎಂದರು ಒಳಗೆ ಬಂದ ನಾಗರತ್ನಮ್ಮ. ಆ ವರ್ಷದಿಂದ ತಕ್ಕಡಿಗೆ ಸೇರಬೇಕಾದ ಗಂಧವನ್ನು ಅವರು ನನ್ನ ಮುಂಗೈಗೆ ಹಚ್ಚುತ್ತಾರೆ. ಈ ಸಲವೂ ಬಟ್ಟಲಿಂದ ಬೆರಳ ತುಂಬ ತೆಗೆದು, ಬೇರೆಯವರಿಗಿಂತ ಜಾಸ್ತಿಯೇ ಮೆತ್ತಿದರು.

"ಪರ್ಮನೆಂಟ್ ಆಯ್ತಾ ಮಿಸ್?" ಎಂದು ಕೇಳಿದಳು ಪವಿತ್ರಾ.

"ಇಲ್ಲಮ್ಮ. ಇನ್ನೊಂದು ವರ್ಷ ನೋಡೋಣ ಅಂದಿದಾರೆ."

ಅವಳು ನನ್ನ ಮುಂಗೈಯನ್ನು ನೋಡಿದಳು. ಗಂಧದ ಅಂಚು ಆಗಲೇ ಬೆಳ್ಳಗಾಗುತ್ತಿತ್ತು.

"ಎಲ್ಲೂ ಹೋಗಲ್ಲ ಬಿಡಿ ಮಿಸ್. ಇಲ್ಲೇ ಇರುತ್ತೆ," ಎಂದಳು.

ನನ್ನ ಕಣ್ಣು ತುಂಬಿದ್ದು ಕಾಣದಿರಲೆಂದು ಕಿಟಕಿ ತೆಗೆಯಲು ಹೋದೆ. ಕೆಳಗೆ ಏಳನೇ ತರಗತಿಯವರು ಸಾಲಾಗಿ ಮೆಟ್ಟಿಲು ಹತ್ತುತ್ತಿದ್ದರು.